ಪಲ್ಸರ್ 150: ಒಂದೇ ಸಿಲಿಂಡರ್‌ನ ಎರಡು ಪ್ಲಗ್‌ಗೆ ಎರಡು ಬಣ್ಣ, ಬೋರ್ ಬಿಚ್ಚಲೇಬೇಕಾ?

ತಿಪಟೂರು_ರೈಡರ್

ಗಾಡಿ 2011ರ ಪಲ್ಸರ್ 150 ಡಿಟಿಎಸ್-ಐ (ಒಂದೇ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್), ಕಾರ್ಬೊರೇಟರ್ (ಪೆಟ್ರೋಲ್-ಗಾಳಿ ಬೆರೆಸೋ ಭಾಗ) ಮಾಡೆಲ್, 62 ಸಾವಿರ ಕಿಮೀ ಓಡಿದೆ. ಲೀಟರಿಗೆ 48 ಕೊಡ್ತಿದ್ದದ್ದು ಈಗ 38ಕ್ಕೆ ಇಳಿದಿದೆ. ಬೆಳಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. ನಾಲ್ಕನೇ ಗೇರಲ್ಲಿ 45ರ ಹತ್ತಿರ ಇರುವಾಗ ಏರು ಬಂದು ರೈಸ್ ಮಾಡಿದ್ರೆ ಜಗ್ಗಿ ಜಗ್ಗಿ ಹೋಗುತ್ತೆ. ಐಡ್ಲಿಂಗ್ ಮಾತ್ರ ಚೆನ್ನಾಗೇ ನಿಲ್ಲುತ್ತೆ.

ಎರಡೂ ಪ್ಲಗ್ ಬಿಚ್ಚಿಸಿ ನೋಡಿದೆ. ಬಲಗಡೆದು: ಒಳಗಿನ ಪಿಂಗಾಣಿ ಮೂತಿ ಬೂದಿ-ಬಿಳಿ, ಬಾಗಿದ ಎಲೆಕ್ಟ್ರೋಡ್ ತಿಳಿ ಕಂದು. ಎಡಗಡೆದು: ಮೂತಿಯೆಲ್ಲ ಕರಿ ಮಸಿ, ಹೊಳಪಿಲ್ಲ, ಮುಟ್ಟಿದ್ರೆ ಬೆರಳಿಗೆ ಒಣ ಪುಡಿ ಅಂಟುತ್ತೆ. ಆದ್ರೆ ಅದೇ ಪ್ಲಗ್‌ನಲ್ಲಿ ಥ್ರೆಡ್ಡಿನ ಮೇಲ್ಭಾಗ, ಸ್ಪ್ಯಾನರ್ ಕೂರೋ ಜಾಗ ಎಲ್ಲ ಆಯಿಲ್ ಮಯ. ಹೊರಗಿನ ಬಿಳಿ ಪಿಂಗಾಣಿ ಮೇಲೆ ಪೆನ್ಸಿಲ್‌ನಲ್ಲಿ ಎಳೆದ ಹಾಗೆ ಮೇಲಿಂದ ಕೆಳಕ್ಕೆ ಒಂದು ಸಣ್ಣ ಕಪ್ಪು ಗೆರೆ ಬೇರೆ ಇದೆ. ಹಿಂದಿನ ಸರ್ವಿಸ್‌ನಲ್ಲಿ ಬಲಗಡೆ ಪ್ಲಗ್ ಮಾತ್ರ ಹೊಸದು ಹಾಕಿದ್ರು. ಎಡಗಡೆದು ಬದಲಾಗಿದ್ದು ಯಾವ ಬಿಲ್‌ನಲ್ಲೂ ಇಲ್ಲ.

ಗ್ಯಾರೇಜಿನವರ ತೀರ್ಮಾನ: "ಪ್ಲಗ್ಗಿಗೆ ಆಯಿಲ್ ಬಂದಿದೆ, ರಿಂಗ್ ಹೋಗಿದೆ, ಬೋರ್ ಕಿಟ್ (ಸಿಲಿಂಡರ್, ಪಿಸ್ಟನ್, ರಿಂಗ್ ಸೆಟ್) ಹಾಕಬೇಕು." ಸೈಲೆನ್ಸರ್‌ನಲ್ಲಿ ಹೊಗೆ ಇಲ್ಲ. ಆಯಿಲ್ ಲೆವೆಲ್ ಒಂದು ಸರ್ವಿಸ್‌ನಿಂದ ಇನ್ನೊಂದಕ್ಕೆ ಇಳಿಯೋದು ಅಷ್ಟಕ್ಕಷ್ಟೇ. ಬಿಚ್ಚಿಸೋದಾ, ಬೇಡವಾ?

ಜಾವಾಪ್ರೇಮಿ_ಮೈಸೂರು

ಎರಡೂ ಪ್ಲಗ್ ಕಾಫಿ ಪುಡಿ ಬಣ್ಣಕ್ಕೆ ಬರಬೇಕು ಗುರುವೇ, ಅದೇ ಲೆಕ್ಕ. ಬಲಗಡೆದು ಬೆಳ್ಳಗಿದೆ ಅಂದ್ರೆ ಲೀನ್ ಓಡ್ತಿದೆ, ಪೆಟ್ರೋಲ್ ಸಾಲ್ತಿಲ್ಲ. ಈಗಿನ ಎಥನಾಲ್ ಪೆಟ್ರೋಲಿಗೆ ಮೇನ್ ಜೆಟ್ (ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯೋ ತೂತಿನ ಬಿಡಿಭಾಗ) ಒಂದು ಸೈಜ್ ದೊಡ್ಡದು ಹಾಕಿ ನೋಡಿ. ಎಡಗಡೆದು ಕಪ್ಪಾಗಿದ್ದಕ್ಕೆ ಆಯಿಲ್ ಕಾರಣ ಇರಬಹುದು.

ಸ್ಪ್ಯಾನರ್_12_13

ಜೆಟ್ ಮುಟ್ಟಬೇಡಿ, ಬೋರನ್ನೂ ಮುಟ್ಟಬೇಡಿ. ನೀವು ಬರೆದದ್ದರಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ.

ಇದು ಒಂದೇ ಸಿಲಿಂಡರ್, ಒಂದೇ ಕಾರ್ಬೊರೇಟರ್. ಎರಡು ಪ್ಲಗ್‌ಗೂ ಸಿಗುವುದು ಅದೇ ಮಿಶ್ರಣ, ಅದೇ ಕಂಪ್ರೆಷನ್. ಮಿಶ್ರಣ ರಿಚ್ ಆಗಿದ್ದರೆ (ಪೆಟ್ರೋಲ್ ಹೆಚ್ಚಿದ್ದರೆ) ಎರಡೂ ಕಪ್ಪಾಗಬೇಕು, ಲೀನ್ ಆಗಿದ್ದರೆ ಎರಡೂ ಬೆಳ್ಳಗಾಗಬೇಕು. ಒಂದು ಸರಿ ಇದ್ದು ಇನ್ನೊಂದು ಮಸಿ ಹಿಡಿದಿದೆ ಎಂದರೆ ತಪ್ಪು ಆ ಪ್ಲಗ್‌ಗೆ ಮಾತ್ರ ಸೇರಿದ ಭಾಗದಲ್ಲಿದೆ: ಪ್ಲಗ್, ಅದರ ಮೇಲೆ ಕೂರುವ ಕ್ಯಾಪ್, ಎಚ್‌ಟಿ (ಹೈ ಟೆನ್ಷನ್) ವೈರ್ ಅಥವಾ ಕಿಡಿಯ ವೋಲ್ಟೇಜ್ ಹುಟ್ಟಿಸುವ ಆ ಬದಿಯ ಕಾಯಿಲ್. ಒಂಟಿ ಪ್ಲಗ್ ಗಾಡಿಯವರಿಗೆ ಹೀಗೆ ಹೋಲಿಸಿ ನೋಡುವ ಅನುಕೂಲ ಇಲ್ಲ.

ಇನ್ನು ಆಯಿಲ್. ಎಲ್ಲಿದೆ ಅನ್ನುವುದನ್ನು ಗಮನಿಸಿ. ರಿಂಗ್ ಅಥವಾ ವಾಲ್ವ್ ಸೀಲ್ ದಾಟಿ ಬಂದ ಆಯಿಲ್ ಉರಿಯುವ ಕೋಣೆಯೊಳಗೆ ಇರುತ್ತದೆ, ಹಾಗಾಗಿ ಮೊದಲು ಒದ್ದೆಯಾಗುವುದು ಪ್ಲಗ್‌ನ ಮೂತಿ. ಮಸಿ ಹೊಳೆಯುತ್ತದೆ, ಬೆರಳಿಗೆ ಜಿಡ್ಡು ಹತ್ತುತ್ತದೆ, ಹಳತಾದರೆ ಗಟ್ಟಿ ಹೊಪ್ಪಳೆ ಕಟ್ಟುತ್ತದೆ. ನಿಮ್ಮದರಲ್ಲಿ ಮೂತಿ ಒಣಗಿದೆ, ಆಯಿಲ್ ಇರುವುದು ವಾಷರ್‌ನಿಂದ ಮೇಲೆ. ಅದು ಹೊರಗಿನಿಂದ ಇಳಿದದ್ದು. ಈ ಎಂಜಿನ್ನಿನಲ್ಲಿ ಎಡಗಡೆ ಪ್ಲಗ್ ಟೈಮಿಂಗ್ ಚೈನ್ ಇರುವ ಬದಿಯಲ್ಲಿ, ಕೊಳವೆಯಂಥ ಸ್ಲೀವ್‌ನ ಆಳದಲ್ಲಿ ಕೂತಿರುತ್ತದೆ. ಸ್ಲೀವ್‌ನ ಓ-ರಿಂಗ್ (ರಬ್ಬರ್ ಸೀಲ್) ಗಟ್ಟಿಯಾದರೆ ಹೆಡ್‌ನ (ಸಿಲಿಂಡರ್ ಮುಚ್ಚಳದ) ಆಯಿಲ್ ಒಳಗೆ ಜಿನುಗಿ ಪ್ಲಗ್‌ನ ಬುಡದಲ್ಲಿ ನಿಲ್ಲುತ್ತದೆ. ಅದನ್ನು ನೋಡಿ ಬೋರ್ ಹೋಗಿದೆ ಅನ್ನುವುದು ಬಹಳ ಕಡೆ ನಡೆಯುವ ಎಡವಟ್ಟು.

ಆ ಪೆನ್ಸಿಲ್ ಗೆರೆಯೇ ಮುಖ್ಯ ಸಾಕ್ಷಿ. ಕರೆಂಟು ಒಳಗಿನ ಗ್ಯಾಪ್ ಹಾರುವ ಬದಲು ಪಿಂಗಾಣಿಯ ಹೊರಮೈ ಮೇಲೆ ಹರಿದು ಲೋಹದ ಬಾಡಿಗೆ ಇಳಿದ ದಾರಿ ಅದು. ಹೀಗಾಗಲು ಎರಡು ಕಾರಣ ಜೊತೆಯಾಗುತ್ತವೆ. ಪ್ಲಗ್ ಹಳತಾಗಿ ಎಲೆಕ್ಟ್ರೋಡ್ ಸವೆದು ಗ್ಯಾಪ್ ಅಗಲವಾಗುತ್ತದೆ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಇತ್ತ ಆಯಿಲ್ ಕುಡಿದ ಕ್ಯಾಪ್‌ನ ರಬ್ಬರ್ ಉಬ್ಬಿ ಸಡಿಲವಾಗಿರುತ್ತದೆ, ಪಿಂಗಾಣಿಯನ್ನು ಬಿಗಿಯಾಗಿ ಅಪ್ಪುವುದಿಲ್ಲ. ಸುಲಭದ ದಾರಿ ಹೊರಗೇ ಸಿಕ್ಕಿತಲ್ಲ! ಲೋಡ್ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡ ಏರಿ ಗ್ಯಾಪ್ ಹಾರುವುದು ಇನ್ನೂ ಕಷ್ಟ. ಐಡ್ಲಿಂಗ್ ಸರಿಯಿದ್ದು ಏರಿನಲ್ಲಿ ಜಗ್ಗುವುದು ಅದಕ್ಕೇ.

ಇದನ್ನು ಬೇರೊಂದು ಕಲೆಯ ಜೊತೆ ಬೆರೆಸಬೇಡಿ. ಹೊರಗಿನ ಪಿಂಗಾಣಿ ಲೋಹದ ಬಾಡಿಗೆ ಸೇರುವಲ್ಲಿ ಸುತ್ತಲೂ ಉಂಗುರದ ಹಾಗೆ ಕಂದು ಕಲೆ ಇದ್ದರೆ ಅದು ಕೊರೋನಾ ಕಲೆ, ಅಂದರೆ ಹೈ ವೋಲ್ಟೇಜ್ ಸುತ್ತ ಗಾಳಿಯಲ್ಲಿನ ಆಯಿಲ್ ಕಣ ಅಂಟಿ ಆದದ್ದು. ಕಂಪ್ರೆಷನ್ ಲೀಕ್ ಎಂದು ಅದನ್ನು ತೋರಿಸಿ ಹೆದರಿಸುವವರಿದ್ದಾರೆ. ಅದರಿಂದ ತೊಂದರೆ ಇಲ್ಲ. ಅಡ್ಡ ಉಂಗುರಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಉದ್ದ ಗೆರೆಗೆ ಕೆಡಿಸಿಕೊಳ್ಳಿ.

ಖಚಿತ ಮಾಡಿಕೊಳ್ಳಲು ಹೀಗೆ ಮಾಡಿ. ಎಂಜಿನ್ ಬಿಸಿಯಾಗಿರಲಿ. ಆಫ್ ಮಾಡಿ ಎಡಗಡೆ ಕ್ಯಾಪ್ ತೆಗೆದು, ಅದಕ್ಕೆ ಬೇರೆ ಒಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್‌ನ ಬಾಡಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ತಂತಿಯಿಂದ ಬಿಗಿದು ಕಟ್ಟಿ. ಪೆಟ್ರೋಲ್ ಪೈಪಿನ ಹತ್ತಿರ ಬೇಡ. ಈಗ ಸ್ಟಾರ್ಟ್ ಮಾಡಿ. ಇದೇ ಕೆಲಸ ಬಲಗಡೆಗೂ ಮಾಡಿ. ಆರೋಗ್ಯವಾಗಿದ್ದರೆ ಯಾವ ಒಂದು ಪ್ಲಗ್ ಮೇಲಾದರೂ ಎಂಜಿನ್ ಓಡುತ್ತದೆ, ಆರ್‌ಪಿಎಂ ಸ್ವಲ್ಪ ಬೀಳುತ್ತದೆ ಅಷ್ಟೆ. ಎಡಗಡೆದು ತೆಗೆದಾಗ ಏನೂ ವ್ಯತ್ಯಾಸ ಆಗದಿದ್ದರೆ ಅದು ಮೊದಲೇ ಕೆಲಸ ಬಿಟ್ಟಿತ್ತು ಎಂದರ್ಥ. ಓಡುತ್ತಿರುವ ಎಂಜಿನ್ನಿನ ಕ್ಯಾಪ್ ಕಿತ್ತು ನೋಡುವ ಅಭ್ಯಾಸ ಬೇಡ. ಕೈಗೆ ಶಾಕ್ ಹೊಡೆಯುವುದು ಒಂದು ಕಡೆ, ಕಿಡಿಗೆ ದಾರಿ ಸಿಗದೆ ಕಾಯಿಲ್ ಒಳಗೇ ಸುಟ್ಟುಹೋಗಬಹುದು.

ಆಮೇಲೆ ಎರಡೂ ಕ್ಯಾಪ್‌ಗಳನ್ನು ವೈರಿನಿಂದ ತಿರುಗಿಸಿ ಬಿಚ್ಚಿ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ರೆಸಿಸ್ಟರ್ ಇರುವ ಕ್ಯಾಪ್ ಸಾಮಾನ್ಯವಾಗಿ 5 ಕಿಲೋಓಮ್ ಆಸುಪಾಸು ತೋರಿಸಬೇಕು. ಎಡ-ಬಲ ಅಜಗಜಾಂತರ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ವೈರಿನ ತುದಿ ಹಸಿರು ಕಟ್ಟಿದ್ದರೆ 5 ಮಿಮೀ ಕತ್ತರಿಸಿ ಹೊಸ ತಾಮ್ರಕ್ಕೆ ಕ್ಯಾಪ್ ತಿರುಗಿಸಿ.

ಘಟ್ಟದ_ಗೇರು

ಬಣ್ಣದ ವಿಷಯಕ್ಕೆ ಒಂದು ಮಾತು. ಕಾಫಿ ಬಣ್ಣದ ಲೆಕ್ಕ ಹಳೇ ಪೆಟ್ರೋಲಿನದು. ಸೀಸ ಬೆರೆಸಿದ ಪೆಟ್ರೋಲ್ ಪ್ಲಗ್ ಮೂತಿಗೆ ಕಂದು-ಬೂದು ಲೇಪ ಕೊಡ್ತಿತ್ತು. ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ಇಲ್ಲ. ಸೀಸ ಇಲ್ಲದ ಪೆಟ್ರೋಲಿಗೆ ಎಥನಾಲೂ ಸೇರಿದ ಮೇಲೆ ಫೋರ್ ಸ್ಟ್ರೋಕ್ ಪ್ಲಗ್ ಸರಿಯಾಗಿ ಓಡಿದರೂ ಮಾಸಲು ಬಿಳಿ, ತಿಳಿ ಬೂದು ಕಾಣೋದೇ ಸಹಜ. ಅದನ್ನ ಕಂದು ಮಾಡೋಕೆ ಜೆಟ್ ದೊಡ್ಡದು ಮಾಡ್ತಾ ಹೋದ್ರೆ ಪೆಟ್ರೋಲ್ ಸುರಿದುಕೊಂಡು ಓಡಾಡ್ತೀರಿ.

ಬಿಳಿ ಯಾವಾಗ ಅಪಾಯ ಅಂದ್ರೆ ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಾಗಿ, ಮೇಲೆ ಸಣ್ಣ ಗುಳ್ಳೆ ಎದ್ದು, ನಡುವಿನ ಎಲೆಕ್ಟ್ರೋಡ್‌ನ ಅಂಚು ಕರಗಿ ದುಂಡಗಾಗಿದ್ರೆ. ಇನ್ನೂ ಕೆಟ್ಟದ್ದು ಪಿಂಗಾಣಿ ಮೇಲೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕರಿ ಚುಕ್ಕೆ, ನಡುನಡುವೆ ಬೆಳ್ಳಿ ಬಣ್ಣದ ಸೂಕ್ಷ್ಮ ಕಾಳು. ಅದು ಪಿಸ್ಟನ್ನಿನ ಅಲ್ಯೂಮಿನಿಯಂ. ನಾಕಿಂಗ್ (ಮಿಶ್ರಣ ನಿಯಂತ್ರಣ ತಪ್ಪಿ ಸಿಡಿಯೋದು) ಆಗಿ ಪಿಸ್ಟನ್ ತಲೆ ಉದುರ್ತಿದೆ ಅಂತ. ಅಲ್ಲಿಗೆ ಗಾಡಿ ನಿಲ್ಲಿಸಿ. ಇಟ್ಟಿಗೆ ಕೆಂಪು ಪುಡಿ ಕೂತಿದ್ರೆ ಪೆಟ್ರೋಲಿಗೆ ಕಬ್ಬಿಣ ಅಥವಾ ಮ್ಯಾಂಗನೀಸ್ ಇರೋ ಆಕ್ಟೇನ್ ಬೂಸ್ಟರ್ ಬಿದ್ದಿದೆ. ಆ ಪುಡಿ ಬಿಸಿಯಲ್ಲಿ ಕರೆಂಟ್ ಹರಿಯೋಕೆ ಬಿಡುತ್ತೆ, ಪ್ಲಗ್ ಮಿಸ್ಸಿಂಗ್ ಹೊಡೆಯೋಕೆ ಅದೂ ಸಾಕು.

ಎಥನಾಲ್ ಮೇಲೆ ಎಲ್ಲ ಹೊರಿಸೋದೂ ಬೇಡ. ಬರಿ ಪೆಟ್ರೋಲಿಗೆ 1 ಕೆಜಿಗೆ ಸುಮಾರು 14.7 ಕೆಜಿ ಗಾಳಿ ಬೇಕು, ಎಥನಾಲಿಗೆ 9 ಸಾಕು. ಶೇ 20 ಬೆರೆಸಿದ್ರೆ ಸುಮಾರು 13.5. ಹಾಗಾಗಿ ಹಳೇ ಜೆಟ್ಟಲ್ಲಿ ಗಾಡಿ ಸ್ವಲ್ಪ ಲೀನ್ ಕಡೆ ವಾಲೋದು ನಿಜ. ಆದ್ರೆ ನೀತಿ ಆಯೋಗದ 2021ರ ವರದಿ ಬೈಕುಗಳಿಗೆ ಹೇಳಿದ ಮೈಲೇಜ್ ಇಳಿಕೆ ಶೇ 3-4. ನಿಮ್ಮದು 48ರಿಂದ 38, ಐದನೇ ಒಂದು ಭಾಗ ಹೋಗಿದೆ. ಪೆಟ್ರೋಲ್ ಇಷ್ಟನ್ನು ತಿನ್ನಲ್ಲ.

ಜಾವಾಪ್ರೇಮಿ_ಮೈಸೂರು

ಉದ್ದ ಗೆರೆ ವಿಷಯ ಒಪ್ಪಿದೆ, ಅದನ್ನ ಓದಿಯೂ ಬಿಟ್ಟಿದ್ದೆ. ಆದ್ರೆ ಟೂ ಸ್ಟ್ರೋಕ್‌ಗೆ ಬಣ್ಣ ಈಗಲೂ ಮಾತಾಡುತ್ತೆ, ಅದನ್ನ ಬಿಟ್ಟುಕೊಡಲ್ಲ. ಜಾವಾ, ಯೆಜ್ಡಿ, ಆರ್‌ಎಕ್ಸ್ ಯಾವುದೇ ಇರಲಿ, ಪೆಟ್ರೋಲಿನ ಜೊತೆ ಆಯಿಲ್ ಉರಿಯುತ್ತಲ್ಲ, ಕಂದು ಬರಲೇಬೇಕು. ಟೂ ಸ್ಟ್ರೋಕಲ್ಲಿ ಪ್ಲಗ್ ಬೆಳ್ಳಗಾದ್ರೆ ಪಿಸ್ಟನ್ ಹಿಡಿಯೋಕೆ ಮುನ್ಸೂಚನೆ, ಯಾಕಂದ್ರೆ ಮಿಶ್ರಣ ಕಡಿಮೆ ಆದ್ರೆ ಆಯಿಲೂ ಕಡಿಮೆ ಆಗುತ್ತೆ.

ಒಂದು ಚಂದದ ವಿಷಯ: ಟೂ ಸ್ಟ್ರೋಕಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸೋ ಶಾಫ್ಟಿನ) ಎರಡು ಬದಿಯ ಆಯಿಲ್ ಸೀಲು ಹೋದ್ರೆ ಎರಡು ವಿರುದ್ಧ ಬಣ್ಣ. ಕ್ಲಚ್ ಕಡೆ ಸೀಲ್ ಹೋದ್ರೆ ಆ ಕಡೆಯ ಆಯಿಲನ್ನ ಎಂಜಿನ್ ಎಳ್ಕೊಂಡು ಕುಡಿಯುತ್ತೆ: ಪ್ಲಗ್ ಕರ್ರಗೆ ಜಿಡ್ಡು, ಹೊಗೆ, ಆಯಿಲ್ ಲೆವೆಲ್ ಇಳಿಯುತ್ತೆ. ಮ್ಯಾಗ್ನೆಟ್ ಕಡೆ ಸೀಲ್ ಹೋದ್ರೆ ಗಾಳಿ ಎಳೆಯುತ್ತೆ: ಪ್ಲಗ್ ಬಿಳಿ, ಆಕ್ಸಿಲರೇಟರ್ ಬಿಟ್ರೂ ಎಂಜಿನ್ ಕೂಗ್ತಾನೇ ಇರುತ್ತೆ. ಆಗ ಕಾರ್ಬೊರೇಟರ್ ಎಷ್ಟು ತಿರುಪಿದ್ರೂ ಕೆಲಸ ಆಗಲ್ಲ.

ಮತ್ತೆ ಪ್ಲಗ್ ಕಂಪನಿ ಬದಲಿಸುವಾಗ ನಂಬರ್ ಜೋಪಾನ. ಎನ್‌ಜಿಕೆಯಲ್ಲಿ ನಂಬರ್ ದೊಡ್ಡದಾದಷ್ಟೂ ಕೋಲ್ಡ್ ಪ್ಲಗ್ (ಬಿಸಿಯನ್ನ ಬೇಗ ಬಿಟ್ಟುಕೊಟ್ಟು ಮೂತಿ ತಣ್ಣಗಿಡೋದು). ಈಗಿನ ಬಾಷ್‌ನಲ್ಲಿ ತಿರುಗುಮುರುಗು, ಚಿಕ್ಕದಾದಷ್ಟೂ ಕೋಲ್ಡ್. ನಮ್ಮ ಬೆಂಗಳೂರಿನ ಮೈಕೋ ಇತ್ತಲ್ಲ (2008ರಿಂದ ಬಾಷ್ ಅಂತ ಹೆಸರು), ಅದರ ಹಳೇ ಡಬ್ಬಿ ಮೇಲೆ 175, 225 ಅಂತ ಇರೋದು. ಅಲ್ಲಿ 225 ಕೋಲ್ಡ್. ಹಳೇ ಸ್ಟಾಕ್ ಸಿಕ್ತು ಅಂತ ಖುಷಿಯಲ್ಲಿ ಹಾಕೋವ್ರು ಇದನ್ನ ನೋಡ್ಕೊಳ್ಳಿ.

ತಿಪಟೂರು_ರೈಡರ್

ಎಲ್ಲ ಪರೀಕ್ಷೆ ಮಾಡಿಸಿದೆ. ಎಡಗಡೆ ಕ್ಯಾಪ್ ತೆಗೆದು ಓಡಿಸಿದಾಗ ಐಡ್ಲಿಂಗ್‌ನಲ್ಲಿ ಏನೂ ಬದಲಾಗಲಿಲ್ಲ. ಬಲಗಡೆದು ತೆಗೆದಾಗ ತೊದಲಿ ತೊದಲಿ ನಿಂತೇ ಹೋಯ್ತು. ಮೀಟರ್‌ನಲ್ಲಿ ಬಲ ಕ್ಯಾಪ್ 4.9 ಕಿಲೋಓಮ್. ಎಡಗಡೆದು ಒಂದು ಕಡೆ ನಿಲ್ತಾನೇ ಇಲ್ಲ, ಅಲ್ಲಾಡಿಸಿದ್ರೆ 14, 30, ಮತ್ತೆ ಓಪನ್ (ಸಂಪರ್ಕವೇ ಇಲ್ಲ). ಎಡ ಪ್ಲಗ್ ಗ್ಯಾಪ್ 1.1 ಮಿಮೀ. ಸ್ಲೀವ್ ಒಳಗೆ ಬಟ್ಟೆ ಇಳಿಸಿದ್ರೆ ಪೂರ್ತಿ ಆಯಿಲ್ ಹೀರ್ಕೊಂಡು ಬಂತು. ಮುಂದೆ ಏನೇನು ತರಬೇಕು, ಹಾಕುವಾಗ ಏನು ನೋಡ್ಕೋಬೇಕು?

ಸ್ಪ್ಯಾನರ್_12_13

ತರಬೇಕಾದ್ದು: ಮ್ಯಾನ್ಯುವಲ್‌ನಲ್ಲಿ ಹೇಳಿದ ನಂಬರಿನ ಪ್ಲಗ್ 2 (ಬಲಗಡೆದು ಚೆನ್ನಾಗಿದ್ದರೂ ಜೋಡಿಯಾಗಿ ಬದಲಿಸಿ, ಮುಂದೆ ಹೋಲಿಸಿ ನೋಡಲು ಎರಡಕ್ಕೂ ಒಂದೇ ವಯಸ್ಸಿರಬೇಕು), ಎಡಗಡೆ ಕ್ಯಾಪ್ 1, ಸ್ಲೀವ್‌ನ ಓ-ರಿಂಗ್‌ಗಳು. ಕಾಯಿಲ್ ಸದ್ಯಕ್ಕೆ ಬೇಡ.

ಗ್ಯಾಪ್ 0.7ರಿಂದ 0.8 ಮಿಮೀ. ಹೊಸ ಪ್ಲಗ್ ಡಬ್ಬಿಯಿಂದ ಸರಿಯಾಗೇ ಬಂದಿದೆ ಎಂದು ನಂಬಬೇಡಿ, ಅಳೆದೇ ಹಾಕಿ. ಅಳೆಯಲು ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು) ಬಳಸಿ. ಹ್ಯಾಕ್ಸಾ ಬ್ಲೇಡ್ ತೂರಿಸಿ "ಸರಿ ಇದೆ" ಅನ್ನುವ ರೂಢಿ ಇದೆ. ಅದರ ಹಲ್ಲುಗಳು ಅತ್ತಿತ್ತ ವಾಲಿರುವುದರಿಂದ ಹಲ್ಲಿನ ಕಡೆ ಒಂದು ದಪ್ಪ, ಬೆನ್ನಿನ ಕಡೆ ಒಂದು ದಪ್ಪ. ಬಾಗಿದ ಎಲೆಕ್ಟ್ರೋಡನ್ನು ಮಾತ್ರ ಬಗ್ಗಿಸಿ. ನಡುವಿನದನ್ನು ಒತ್ತಿದರೆ ಪಿಂಗಾಣಿ ಬಿರುಕು ಬಿಡುತ್ತದೆ, ಆ ಬಿರುಕು ಕಣ್ಣಿಗೆ ಕಾಣುವುದೂ ಇಲ್ಲ.

ಪ್ಲಗ್ ಬಿಚ್ಚುವ ಮೊದಲು ಸ್ಲೀವ್‌ನ ಆಯಿಲ್ ಪೂರ್ತಿ ಬಟ್ಟೆಯಲ್ಲಿ ಹೀರಿಸಿ, ಏರ್ ಹೊಡೆಸಿ. ಇಲ್ಲದಿದ್ದರೆ ಆ ಕೊಚ್ಚೆಯೆಲ್ಲ ನೇರ ಪಿಸ್ಟನ್ ಮೇಲೆ. ಎಂಜಿನ್ ತಣ್ಣಗಿರುವಾಗಲೇ ಬಿಚ್ಚಿ, ಹೆಡ್ ಅಲ್ಯೂಮಿನಿಯಂ. ಹಾಕುವಾಗ ಎಡಗಡೆಗೆ ಬೆರಳು ಹೋಗುವುದಿಲ್ಲ. ಒಂದು ಗೇಣು ಪೆಟ್ರೋಲ್ ಪೈಪಿನ ತುಂಡನ್ನು ಪ್ಲಗ್‌ನ ತುದಿಗೆ ಸಿಕ್ಕಿಸಿ ಅದರಿಂದಲೇ ಥ್ರೆಡ್ ಹಿಡಿಸಿ. ಥ್ರೆಡ್ ಅಡ್ಡ ಕಚ್ಚಿದರೆ ಪೈಪ್ ಜಾರುತ್ತದೆ, ಪ್ಲಗ್ ತಿರುಗುವುದಿಲ್ಲ. ಸ್ಪ್ಯಾನರ್‌ನಲ್ಲಿ ಶುರು ಮಾಡಿದರೆ ಈ ಎಚ್ಚರಿಕೆ ಸಿಗದೆ ಹೆಡ್‌ನ ಥ್ರೆಡ್ ಹೋಗುತ್ತದೆ. ವಾಷರ್ ತಾಗುವವರೆಗೆ ಕೈಯಲ್ಲಿ, ನಂತರ 16ರ ಪ್ಲಗ್ ಸ್ಪ್ಯಾನರ್‌ನಲ್ಲಿ ಅರ್ಧ ಸುತ್ತು. ಟಾರ್ಕ್ ವ್ರೆಂಚ್ ಇದ್ದರೆ 10ರಿಂದ 12 ನ್ಯೂಟನ್ ಮೀಟರ್. ವಾಷರ್ ಒಮ್ಮೆ ಚಪ್ಪಟೆಯಾದ ಹಳೇ ಪ್ಲಗ್ ಆದರೆ ಎಂಟನೇ ಒಂದು ಸುತ್ತು ಸಾಕು. ಥ್ರೆಡ್ಡಿಗೆ ಗ್ರೀಸ್, ಆಯಿಲ್ ಹಚ್ಚಬೇಡಿ. ಜಾರಿಕೆಯಿಂದ ಅದೇ ಕೈಬಲಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ.

ಇಷ್ಟಾದ ಮೇಲೆ 200-300 ಕಿಮೀ ಓಡಿಸಿ ಎರಡನ್ನೂ ಬಿಚ್ಚಿ ನೋಡಿ. ಎರಡೂ ಒಂದೇ ಬಣ್ಣಕ್ಕೆ ಬಂದಿರಬೇಕು. ಎರಡೂ ಕಪ್ಪಾಗಿದ್ದರೆ ಆಗ ಕಾರ್ಬೊರೇಟರ್ ಮಾತು: ಏರ್ ಫಿಲ್ಟರ್, ಚೋಕ್ ಪ್ಲಂಜರ್ ಪೂರ್ತಿ ಕೂರುತ್ತಿದೆಯೇ, ಫ್ಲೋಟ್ ನೀಡಲ್ (ಪೆಟ್ರೋಲ್ ಮಟ್ಟ ಕಾಯುವ ಸೂಜಿ). 62 ಸಾವಿರ ಓಡಿದ ಗಾಡಿಯಲ್ಲಿ ಜೆಟ್ ನೀಡಲ್ (ಸೂಜಿ) ಮತ್ತು ಅದು ಇಳಿಯುವ ನೀಡಲ್ ಜೆಟ್ (ತೂತು) ಎರಡೂ ಸವೆದಿರುವ ಸಾಧ್ಯತೆ ಹೆಚ್ಚು. ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ಕಾಲು-ಅರ್ಧ ಆಕ್ಸಿಲರೇಟರ್‌ನಲ್ಲಿ ಪೆಟ್ರೋಲ್ ಹೆಚ್ಚು ಬೀಳುತ್ತದೆ. ದಿನನಿತ್ಯ ಓಡಿಸುವುದು ಅಲ್ಲೇ ಆದ್ದರಿಂದ ಮೈಲೇಜ್ ತಿನ್ನುವುದೂ ಅದೇ. ಎರಡನ್ನೂ ಸೆಟ್ಟಾಗಿ ಬದಲಿಸಬೇಕು.

ಪ್ಲಗ್ ನೋಡುವ ರೀತಿಯೂ ಮುಖ್ಯ. ಪೇಟೆ ಟ್ರಾಫಿಕ್‌ನಲ್ಲಿ ಬಂದು, ಗ್ಯಾರೇಜ್ ಮುಂದೆ ಐಡ್ಲಿಂಗ್‌ನಲ್ಲಿ ನಿಲ್ಲಿಸಿ ಬಿಚ್ಚಿದರೆ ಕಾಣುವುದು ಕೊನೆಯ ಐದು ನಿಮಿಷದ ಮಸಿ. ಪ್ಲಗ್‌ನ ಮೂತಿ ಸುಮಾರು 450-500 ಡಿಗ್ರಿ ದಾಟಿದರೆ ಮಾತ್ರ ಮಸಿ ತಾನಾಗಿ ಸುಟ್ಟುಹೋಗುತ್ತದೆ, ಐಡ್ಲಿಂಗ್‌ನಲ್ಲಿ ಅಷ್ಟು ಬಿಸಿ ಇರುವುದಿಲ್ಲ. ಖಾಲಿ, ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿ ಹಿಡಿದು ಒಂದೆರಡು ಕಿಮೀ ಓಡಿಸಿ, ಕ್ಲಚ್ ಹಿಡಿಯುತ್ತಲೇ ಕಿಲ್ ಸ್ವಿಚ್ ಒತ್ತಿ, ಹಾಗೇ ತೇಲಿಸಿ ಬದಿಗೆ ನಿಲ್ಲಿಸಿ. ಎಂಜಿನ್ ತಣ್ಣಗಾದ ಮೇಲೆ ಅಲ್ಲೇ ಬಿಚ್ಚಿ. ಹಿಂದೆ ಗಾಡಿ ಬರುತ್ತಿರುವ ಹೆದ್ದಾರಿಯಲ್ಲಿ ಈ ಪ್ರಯೋಗ ಬೇಡ.

ನೋಡಬೇಕಾದ್ದು ಮೂತಿಯ ತುದಿಯನ್ನಲ್ಲ. ಟಾರ್ಚ್ ಬಿಟ್ಟು, ಭೂತಗನ್ನಡಿಯಲ್ಲಿ ಪಿಂಗಾಣಿ ಬಾಡಿಯೊಳಗೆ ಇಳಿಯುವ ಬುಡದಲ್ಲಿ ನೋಡಿ. ಅಲ್ಲಿ ತೆಳು ಮಸಿಯ ಉಂಗುರ ಇದ್ದರೆ ಮಿಶ್ರಣ ಸರಿ, ದಪ್ಪಗೆ ಮೇಲಕ್ಕೇರಿದ್ದರೆ ರಿಚ್, ಉಂಗುರವೇ ಇಲ್ಲದಿದ್ದರೆ ಲೀನ್. ಬಾಗಿದ ಎಲೆಕ್ಟ್ರೋಡ್ ಮೇಲೆ ಬಣ್ಣ ಬದಲಾಗುವ ಗಡಿ ಎಲ್ಲಿದೆ ಅನ್ನುವುದು ಬಿಸಿಯ ಲೆಕ್ಕ. ಗಡಿ ಬಾಗಿನ ಹತ್ತಿರ ಇದ್ದರೆ ಪ್ಲಗ್‌ನ ಹೀಟ್ ರೇಂಜ್ ಹೊಂದಿದೆ. ಬೆಸುಗೆಯ ಬುಡದವರೆಗೆ ಇಳಿದಿದ್ದರೆ ಪ್ಲಗ್ ಅತಿ ಬಿಸಿ, ತುದಿಯಲ್ಲೇ ನಿಂತಿದ್ದರೆ ಅತಿ ತಣ್ಣಗೆ.

ಮಂಗಳೂರು_ಬಿಎಸ್6

ನಮ್ಮದು ಎಫ್‌ಐ ಗಾಡಿ, ಕಾರ್ಬೊರೇಟರ್ ಬದಲು ಫ್ಯೂಯೆಲ್ ಇಂಜೆಕ್ಷನ್. ಇದೇ ಲೆಕ್ಕ ನಮಗೂ ಆಗ್ತದಾ?

ಘಟ್ಟದ_ಗೇರು

ಮಿಶ್ರಣದ ಮಟ್ಟಿಗೆ ಅಷ್ಟೇನೂ ಇಲ್ಲ. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು (ಎಂಜಿನ್ನಿನ ಕಂಪ್ಯೂಟರ್) ತಾನೇ ಪೆಟ್ರೋಲ್ ಹೆಚ್ಚು-ಕಡಿಮೆ ಮಾಡ್ತಿರುತ್ತೆ. ಅಂಥ ಗಾಡಿಯಲ್ಲಿ ಪ್ಲಗ್ ಕಪ್ಪಾದ್ರೆ ಸೆನ್ಸರ್, ಇಂಜೆಕ್ಟರ್ ಸೋರಿಕೆ ಕಡೆ ನೋಡಿ, ಸ್ಕ್ರೂ ತಿರುಗಿಸೋಕೆ ಏನೂ ಇಲ್ಲ. ಆಯಿಲ್, ನಾಕಿಂಗ್ ಚುಕ್ಕೆ, ಹೊರಗಿನ ಗೆರೆ ಇವೆಲ್ಲ ಯಾವ ಗಾಡಿಗೂ ಒಂದೇ.

ಬೋರ್ ಬಗ್ಗೆ ಅನುಮಾನ ಉಳಿದವರಿಗೆ: ಬಿಸಿ ಎಂಜಿನ್ನಿಗೆ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರೋದು ನಿಲ್ಲೋವರೆಗೂ ಸೆಲ್ಫ್ ಒತ್ತಿ. ಆಮೇಲೆ ಪ್ಲಗ್ ತೂತಿನಿಂದ ಒಂದು ಟೀ ಚಮಚ, ಅಂದ್ರೆ 5 ಮಿಲಿ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಚೆನ್ನಾಗಿ ಏರಿದ್ರೆ ರಿಂಗ್-ಬೋರ್ ಸವೆದಿದೆ. ಕಡಿಮೆ ಇದ್ದದ್ದು ಹಾಗೇ ನಿಂತ್ರೆ ವಾಲ್ವ್ ಸೋರ್ತಿದೆ, ಮೊದಲು ಟ್ಯಾಪೆಟ್ (ವಾಲ್ವಿನ ಸಂದು) ಅಡ್ಜಸ್ಟ್ ಮಾಡಿಸಿ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಬುರುಬುರು ನೀಲಿ ಹೊಗೆ ಬಂದು ನಿಂತ್ರೆ ವಾಲ್ವ್ ಸೀಲ್. ಇಷ್ಟು ಪರೀಕ್ಷೆ ಮಾಡದೆ ಬೋರ್ ಬಿಚ್ಚೋಕೆ ಒಪ್ಪಬೇಡಿ.

ತಿಪಟೂರು_ರೈಡರ್

ಸರಿ. ಕೊನೇ ಪ್ರಶ್ನೆ: ಆ ಎಡ ಪ್ಲಗ್‌ನ ಗೆರೆಯನ್ನ ಪೆಟ್ರೋಲ್ ಹಾಕಿ ತಿಕ್ಕಿ, ಗ್ಯಾಪ್ ಸರಿ ಮಾಡಿ ಸ್ಪೇರ್ ಅಂತ ಇಟ್ಕೋಬಹುದಾ?

ಸ್ಪ್ಯಾನರ್_12_13

ಬೇಡ. ಗೆರೆ ಪಿಂಗಾಣಿಯ ಮೇಲಿನ ಗಾಜಿನ ಹೊಳಪಿಗೇ ಸುಟ್ಟು ಕೂತಿರುತ್ತದೆ, ಒರೆಸಿದರೆ ಮಾಸಲಾಗುತ್ತದೆ, ದಾರಿ ಉಳಿಯುತ್ತದೆ. ಹಳೇ ಕ್ಯಾಪನ್ನು ಸೀಳಿ ನೋಡಿ, ಅದರ ರಬ್ಬರಿನ ಒಳಮೈಯಲ್ಲೂ ಅದೇ ಜಾಗದಲ್ಲಿ ಜೋಡಿ ಗೆರೆ ಇರುತ್ತದೆ. ಪ್ಲಗ್ ಮಾತ್ರ ಬದಲಿಸಿ ಕ್ಯಾಪ್ ಹಳೇದೇ ಇಟ್ಟರೆ ಹೊಸ ಪ್ಲಗ್ ಮೇಲೂ ಅದೇ ಗೆರೆ ಬೀಳುತ್ತದೆ.